ಪಲ್ಲೆ ಮಾರಿದ್ದಕ್ಕ ನಮ್ಮವ್ವಗ ಕೋರ್ಟ್ ಸಮನ್ಸ್ ಬಂದೈತಿ, 500 ತುಂಬಿ ಮುಗಸ್ಬೇಕೋ ವಕೀಲರನ್ನ ಹಿಡೀಬೇಕೋ?

ಹಾವೇರಿ ಹುಡುಗ:
ನಮಸ್ಕಾರ್ರಿ, ನಮ್ದು ಹಾವೇರಿ ಜಿಲ್ಲಾ, ಊರ ಹೆಸರು ಬ್ಯಾಡ. ನಮ್ಮವ್ವ 14 ವರ್ಷ ಆತು ರಸ್ತೆ ಬಾಜೂಕ ಕುಂತು ಮೆಂತೆಪಲ್ಲೆ, ರಾಜಗಿರಿ, ಹಕ್ಕರಕಿ ಮಾರ್ತಾಳ. ಹೋದ ತಿಂಗಳ ಮುನ್ಸಿಪಾಲ್ಟಿಯವ್ರು ಗಾಡಿ ತಂದು ತಕ್ಕಡಿ, ತಾಡಪತ್ರಿ, ಎರಡು ಬುಟ್ಟಿ ಪಲ್ಲೆ ಎತ್ಕೊಂಡು ಹೋದ್ರು, ಒಂದ್ ಚೀಟಿ ಸೈತ ಕೊಡ್ಲಿಲ್ಲ. ಈಗ ಸಮನ್ಸ್ ಬಂದೈತಿ, ತಪ್ಪು ಒಪ್ಕೊಂಡು ಬರದು 500 ರೂಪಾಯಿ ಕಳಿಸಿದ್ರ ಕೋರ್ಟಿಗೆ ಬರೂದು ಬ್ಯಾಡ ಅಂತ ಅದ್ರಾಗ ಐತಿ. ವಕೀಲರ ಫೀ ಕೊಡೂವಷ್ಟು ನಮ್ಮ ಕಡೆ ಇಲ್ಲ. ಬೀದಿ ವ್ಯಾಪಾರಿ ಕಾರ್ಡ್ ಮಾತ್ರ ಐತ್ರಿ. ಅವ್ವ ಎರಡು ದಿನದಿಂದ ಸರಿ ಊಟ ಮಾಡವಲ್ಲಳು, ಜೈಲಿಗೆ ಒಯ್ತಾರೇನೋ ಅಂತಾಳ.

ಹುಬ್ಬಳ್ಳಿ ಗಿರಮಿಟ್:
ತುಂಬಿ ಮುಗಸ್ರಿ ತಮ್ಮಾ. ನಾನೂ ಗಾಡಿ ಇಟ್ಟಾವ, ಕೋರ್ಟಿಗೆ ಒಂದಿನ ಹೋದ್ರ ಒಂದಿನದ ದುಡಿಮಿ ಹೋತು, ಮತ್ತ ತಾರೀಖು ಕೊಟ್ರ ಇನ್ನೊಂದಿನ.

ಧಾರವಾಡ ಜೂನಿಯರ್ ವಕೀಲ:
ಗಿರಮಿಟ್ ಅಣ್ಣಾರು ದುಡಿಮಿ ಬಗ್ಗೆ ಹೇಳಿದ್ದು ಖರೇನ, ಆದ್ರ ಇಲ್ಲಿ ಅವಸರ ಮಾಡಬ್ಯಾಡ್ರಿ. ಮೊದಲ ಅವ್ವಗ ಹೇಳ್ರಿ, ಇದು ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸ್ ಹೆಂಗ ನಡಸ್ಬೇಕು ಅನ್ನೂ ಕಾಯ್ದೆ) 229ನೇ ಕಲಮಿನ ಸಮನ್ಸ್ ಇದ್ದಂಗ ಕಾಣ್ತದ, ಬರೇ ದಂಡದ ಸಣ್ಣ ಕೇಸಿಗೆ ಕಳಸೂದು, ಅದಕ್ಕ ಜೈಲಿಲ್ಲ. ಆದ್ರ ತಪ್ಪು ಒಪ್ಕೊಂಡ್ರ ಮುಂದ ಅಪೀಲ್ ಹೋಗಾಕ ಬಹುತೇಕ ದಾರಿ ಇರೂದಿಲ್ಲ, ನಾಳೆ ಅದೇ ಜಾಗಾದಾಗ ಕುಂತ್ರ "ನೀವ ಒಪ್ಕೊಂಡೀರಲ್ಲ" ಅಂತಾರ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಎಬ್ಬಸೂಕಿಂತ ಮೊದ್ಲ 30 ದಿನದ ನೋಟಿಸ್ ಕೊಡಬೇಕು, ಸಾಮಾನು ಒಯ್ದ್ರ ಪಟ್ಟಿ ಮಾಡಿ ಅದರ ಪ್ರತಿ ಕೈಯಾಗ ಕೊಡಬೇಕು, ಫೀ ಕಟ್ಟಿ ಕೇಳಿದ್ರ ಕೆಡೂ ಮಾಲು ಅವತ್ತ, ಉಳಿದದ್ದು ಎರಡು ಕೆಲಸದ ದಿನದಾಗ ವಾಪಸ್ ಕೊಡಬೇಕು. ನಿಮಗ ಚೀಟಿನ ಕೊಟ್ಟಿಲ್ಲ ಅಂದ್ರ ಅದ ನಿಮ್ಮ ದೊಡ್ಡ ವಾದ.
ಫೀ ಚಿಂತಿ ಬಿಡ್ರಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ 12ನೇ ಕಲಂ ಪ್ರಕಾರ ಹೆಣ್ಮಕ್ಕಳಿಗೆ ವಕೀಲರು ಪುಕ್ಕಟ, ಆದಾಯ ಎಷ್ಟರ ಇರ್ಲಿ. ನಿಮ್ಮ ತಾಲೂಕು ಕೋರ್ಟಿನ್ಯಾಗ ಕಾನೂನು ಸೇವಾ ಸಮಿತಿಗೆ ಹೋಗಿ ಅರ್ಜಿ ಕೊಡ್ರಿ, ಇಲ್ಲಾ 15100ಕ್ಕ ಫೋನ್ ಹಚ್ಚರಿ.

ಗದಗ ಅಕ್ಕ:
ನಾನು ಹಿಂಗ ಪುಕ್ಕಟ ವಕೀಲರ ಕಡೆಯಿಂದ ಕೇಸ್ ನಡಿಸೀನಿ, ಛಲೋ ನೋಡ್ಕೊಂಡ್ರು. ಒಂದ್ ಮಾತು ತಮ್ಮಾ, ತಾರೀಖಿನ ದಿನ ಮುಂಜಾನಿ ಲಗೂನ ಹೋಗ್ರಿ, ಬಾಗಲದಾಗ ನಿಂತು ಹೆಸರು ಕೂಗ್ತಾರ, ಚಾ ಕುಡಿಯಾಕ ಹೋಗಿ ಕೂಗಿದ್ದು ಕೇಳ್ಸಲಿಲ್ಲ ಅಂದ್ರ ವಾರಂಟ್ ತನಕ ಹೋಗಬಹುದು. ಅವ್ವನ ಸಂಗಟ ನೀನೂ ಹೋಗು.

ಹಾವೇರಿ ಹುಡುಗ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಜೈಲಿಲ್ಲ ಅಂತ ಹೇಳಿದ ಮ್ಯಾಲ ಅವ್ವ ಈಗ ಒಂದ್ ರೊಟ್ಟಿ ತಿಂದ್ಲು. ಆದ್ರ ಕಾರ್ಡ್ ಮ್ಯಾಲ ಅಕೀ ಫೋಟೋ ಮಳಿ ನೀರು ಬಿದ್ದು ಅಳಿಸೈತಿ, ನಡೀತದನ್ರಿ?

ಧಾರವಾಡ ಜೂನಿಯರ್ ವಕೀಲ:
ಇದ್ದಂಗ ತಗೊಂಡು ಹೋಗ್ರಿ, ಆಧಾರ್ ಜೋಡಿ ಇಡ್ರಿ. ಸಮನ್ಸ್ ಬಂದ ಲಕೋಟಿನೂ ಒಗೀಬ್ಯಾಡ್ರಿ. ಅವತ್ತ ಬಾಜೂಕ ಕುಂತು ಮಾರಾಕತ್ತಿದ್ದವ್ರು ಯಾರರ ಸಾಮಾನು ಒಯ್ಯೂದು ನೋಡಿದ್ರ ಅವರ ಹೆಸರು ಈಗ ಬರದಿಟ್ಕೊಳ್ರಿ.