ಲೂಸಿ ನೌಕೆಯ ಆನಿಮೇಶನ್: ಮಾಡಿ ನೋಡಿದವರು ಅನುಭವ ಹೇಳಿ

ಚುಕ್ಕಿ_ರೇಖೆ:
ಎಲ್ಲರಿಗೂ ನಮಸ್ಕಾರ. ಆನಿಮೇಶನ್ ಡಿಗ್ರಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ ನಾಸಾದ ಲೂಸಿ ನೌಕೆ ಆರಿಸಿಕೊಂಡಿದ್ದೇನೆ. 2021ರ ಅಕ್ಟೋಬರ್ 16ರಂದು ಹೊರಟಿದ್ದು, ಗುರುಗ್ರಹದ ದಾರಿಯಲ್ಲೇ ಸೂರ್ಯನನ್ನು ಸುತ್ತುವ ಟ್ರೋಜನ್ ಕ್ಷುದ್ರಗ್ರಹಗಳ ಕಡೆ ಹೋಗುತ್ತಿರುವುದು. ಸೌರಫಲಕ ಬಿಚ್ಚಿಕೊಳ್ಳುವುದರಿಂದ ಹಿಡಿದು 2033ರ ಕೊನೆಯ ಭೇಟಿಯ ತನಕ 3 ನಿಮಿಷದಲ್ಲಿ ತೋರಿಸಬೇಕು. ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕೈಯಲ್ಲಿ 12,000 ರೂಪಾಯಿ, ಆರು ವಾರ. ರೆಂಡರ್, ಅಂದರೆ ಒಂದೊಂದು ಫ್ರೇಮನ್ನೂ ಕಂಪ್ಯೂಟರಿನಿಂದ ಚಿತ್ರವಾಗಿ ತೆಗೆಸುವುದು, ಮನೆಯಲ್ಲೇ ಮಾಡಲೋ, ಬಾಡಿಗೆ ಕಂಪ್ಯೂಟರಿಗೆ ಕೊಡಲೋ? ಇನ್ನೊಂದು ಪ್ರಶ್ನೆ. ಒಂದು ಫಲಕ ಪೂರ್ತಿ ಬಿಚ್ಚಿಕೊಳ್ಳಲಿಲ್ಲವಲ್ಲ, ಅದನ್ನು ತೋರಿಸಲೋ ಬೇಡವೋ? ಗೈಡ್ ಬೇಡ ಅನ್ನುತ್ತಿದ್ದಾರೆ.

ರೆಂಡರ್_ರಂಗ:
ತಮ್ಮಾ, ನನ್ನ ಕಥೆ ಕೇಳು, ಆಮೇಲೆ ನಿರ್ಧಾರ ಮಾಡು. ನಾನು ನಾಸಾದ ಡಾನ್ ನೌಕೆ ಮಾಡಿದೆ. ಅದು ಹೋದ ವೆಸ್ಟಾ, ಸೀರಿಸ್ ಎರಡೂ. ಎರಡೂವರೆ ನಿಮಿಷ ಅಂದರೆ 3,600 ಫ್ರೇಮ್. ಒಂದು ಫ್ರೇಮಿಗೆ 7 ನಿಮಿಷ. ಲೆಕ್ಕ ಹಾಕು, ಹದಿನೇಳೂವರೆ ದಿನ ಹಗಲು ರಾತ್ರಿ ಮಷಿನ್ ಓಡಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್, 16,500. ಅದನ್ನು ಹಾಕಿದ ಮೂರನೇ ದಿನ ಕಂಪ್ಯೂಟರಿಗೆ ಕರೆಂಟ್ ಕೊಡುವ ಹಳೆ ಎಸ್‌ಎಂಪಿಎಸ್ ಡಬ್ಬಿ ಢಂ ಅಂದಿತು. ಹೊಸದು 4,200. ಕ್ಯಾಬಿನೆಟ್ ಫ್ಯಾನ್ 950. ಹನ್ನೊಂದನೇ ದಿನ ರಾತ್ರಿ ಎರಡು ಗಂಟೆಗೆ ಮಳೆ, ಕರೆಂಟ್ ಹೋಯಿತು. ನಾನು ಬುದ್ಧಿವಂತ, ನೇರ ವಿಡಿಯೋ ಫೈಲಿಗೇ ರೆಂಡರ್ ಕೊಟ್ಟಿದ್ದೆ. ಫೈಲ್ ತೆರೆಯಲೇ ಇಲ್ಲ. ಹನ್ನೊಂದು ದಿನ ಹೊಗೆ. ಮತ್ತೆ ಮೊದಲಿಂದ. ಈ ಸಲ ಒಂದೊಂದು ಫ್ರೇಮೂ ಬೇರೆ ಬೇರೆ ಪಿಎನ್‌ಜಿ ಆಗಿ. ಜೊತೆಗೆ ಯುಪಿಎಸ್, 5,800. ಕರೆಂಟ್ ಬಿಲ್ ಎಂದಿನದಕ್ಕಿಂತ 2,240 ಜಾಸ್ತಿ ಬಂತು. ಒಟ್ಟು 29,690 ರೂಪಾಯಿ. ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ತಮಾಷೆ ಏನಪ್ಪಾ ಅಂದರೆ, ಎಲ್ಲ ಮುಗಿದ ಮೇಲೆ ಒಬ್ಬ ಹೇಳಿದ, ಬಾಹ್ಯಾಕಾಶದಲ್ಲಿ ಮುಕ್ಕಾಲು ಪರದೆ ಬರೀ ಕತ್ತಲೆ, ಒಂದೊಂದು ಚುಕ್ಕಿಯ ಬೆಳಕನ್ನೂ 1,024 ಸಲ ಲೆಕ್ಕ ಹಾಕಿಸುವುದು, ಅಂದರೆ 1,024 ಸ್ಯಾಂಪಲ್, ನಿನಗೆ ಯಾಕೆ ಅಂತ. 128ಕ್ಕೆ ಇಳಿಸಿ, ಚಿತ್ರದ ಕಾಳುಕಾಳು ಒರೆಸುವ ಡಿನಾಯ್ಸ್ ಹಾಕಿದೆ. 50 ಸೆಕೆಂಡಿಗೆ ಒಂದು ಫ್ರೇಮ್! ಕೂತು ಅಳಬೇಕು ಅನಿಸಿತು.

ಹಾಂ, ಎಂಜಿನ್ನಿಗೆ ಹಿಂದೆ ನೀಲಿ ಬೆಳಕು ಹಾಕು. ಜನ ಫಿದಾ ಆಗುತ್ತಾರೆ.

ಪಥಿಕ_77:
ನೀಲಿ ಬೆಳಕು ಯಾವ ಎಂಜಿನ್ನಿಗೆ ಸ್ವಾಮಿ? ಲೂಸಿಯಲ್ಲಿ ವಿದ್ಯುತ್ತಿನಿಂದ ಅನಿಲ ಚಿಮ್ಮಿಸುವ ಅಯಾನ್ ಎಂಜಿನ್ನೇ ಇಲ್ಲ. ಅದು ಡಾನ್‌ನಲ್ಲಿ ಇತ್ತು, 2023ರಲ್ಲಿ ಹೊರಟ ಸೈಕಿ ನೌಕೆಯಲ್ಲೂ ಕ್ಸೆನಾನ್ ಅನಿಲದ ನೀಲಿ ಇದೆ. ಲೂಸಿ ಮಾಮೂಲು ರಾಸಾಯನಿಕ ಇಂಧನದ್ದು. ಅದೂ ಹನ್ನೆರಡು ವರ್ಷದಲ್ಲಿ ಎಂಜಿನ್ ಉರಿಯುವುದು ಕೆಲವೇ ಸಲ. ಉಳಿದ ಕಾಲವೆಲ್ಲ ಸುಮ್ನೆ ತೇಲುವುದು.

ನಾನು ಸುಟ್ಟುಕೊಂಡಿದ್ದು ದುಡ್ಡಲ್ಲ, ಮಾನ. ನಾಸಾದ ಹಾರೈಜನ್ಸ್ ವೆಬ್‌ಸೈಟಿನಲ್ಲಿ ಲೂಸಿ ಯಾವ ದಿನ ಎಲ್ಲಿದೆ ಅನ್ನುವ ಪಟ್ಟಿ ಪುಕ್ಕಟೆ ಸಿಗುತ್ತದೆ. ಅದನ್ನು ಇಳಿಸಿಕೊಂಡು ಸಾಫ್ಟ್‌ವೇರಿನ ಒಂದು ಯೂನಿಟ್‌ಗೆ ಒಂದು ಮೀಟರ್ ಅಂತ ಹಾಕಿದೆ. ಭೂಮಿಯ ಹತ್ತಿರ ನೌಕೆ ಸ್ವಲ್ಪ ನಡುಗಿತು. ಗುರುವಿನ ದೂರಕ್ಕೆ, ಅಂದರೆ ಸೂರ್ಯನಿಂದ 78 ಕೋಟಿ ಕಿ.ಮೀ. ಆಚೆಗೆ ಹೋದಾಗ ಚೂರು ಚೂರು. ಸಾಫ್ಟ್‌ವೇರ್ ಲೆಕ್ಕ ಇಡುವ 32 ಬಿಟ್ ಸಂಖ್ಯೆಯಲ್ಲಿ ನಿಲ್ಲುವುದು ಏಳು ಅಂಕಿ ಅಷ್ಟೇ. ಅಷ್ಟು ದೂರದಲ್ಲಿ ಅದು ಇಡುವ ಒಂದು ಹೆಜ್ಜೆ 65 ಕಿ.ಮೀ. ಫಲಕದ ಅಗಲ 7.3 ಮೀಟರ್. ಉಳಿಯುವುದು ಏನು? ಹತ್ತು ದಿನ ರಿಗ್, ಅಂದರೆ ಭಾಗಗಳನ್ನು ಅಲ್ಲಾಡಿಸುವ ಜೋಡಣೆ, ತಪ್ಪಾಗಿದೆ ಅಂತ ಹುಡುಕಿದೆ. ಕೊನೆಗೆ ನೌಕೆಯನ್ನು ಸೊನ್ನೆಯಲ್ಲಿ ನಿಲ್ಲಿಸಿ ಸೌರಮಂಡಲವನ್ನೇ ಅದರ ಸುತ್ತ ಓಡಿಸಿದೆ.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಲೂಸಿಯ ದಾರಿ ಅಂತ ಎಲ್ಲ ಕಡೆ ಒಂದು ಸುರುಳಿ ರಂಗೋಲಿ ಹಾಕಿರುತ್ತಾರಲ್ಲ, ಅದು ಗುರುವನ್ನು ಒಂದೇ ಜಾಗದಲ್ಲಿ ಕಟ್ಟಿಹಾಕಿ ಬರೆದದ್ದು. ಟ್ರೋಜನ್ ಗುಂಪುಗಳು ಗುರುವಿಗಿಂತ 60 ಡಿಗ್ರಿ ಮುಂದೆ ಒಂದು, 60 ಡಿಗ್ರಿ ಹಿಂದೆ ಒಂದು ಸುತ್ತುತ್ತವೆ. ಗುರುವನ್ನು ನಿಲ್ಲಿಸಿದರೆ ಅವೂ ನಿಲ್ಲುತ್ತವೆ, ಚಿತ್ರ ಅರ್ಥವಾಗುತ್ತದೆ. ನಿಜವಾದ ದಾರಿ ಸೂರ್ಯನ ಸುತ್ತ ಉದ್ದನೆಯ ಮೊಟ್ಟೆ ಆಕಾರ, ಅಷ್ಟೇ. ನಾನು ಏನು ಮಾಡಿದೆ ಗೊತ್ತಾ? ರಂಗೋಲಿಯನ್ನೂ ಹಾಕಿದೆ, ಗುರುವನ್ನೂ ಓಡಿಸಿದೆ. ಪ್ರದರ್ಶನದಲ್ಲಿ ಏಳನೇ ಕ್ಲಾಸಿನ ಹುಡುಗಿ ಕೇಳಿದಳು: 'ಅಂಕಲ್, ಖಾಲಿ ಜಾಗದಲ್ಲಿ ಅದು ಯಾಕೆ ಯೂ ಟರ್ನ್ ಹೊಡೆಯುತ್ತೆ?' ಉತ್ತರ ಇರಲಿಲ್ಲ.

ರೆಂಡರ್_ರಂಗ:
ಪಥಿಕ ಅವರೇ, ನೋಡುವವರಿಗೆ 32 ಬಿಟ್ಟೂ ಬೇಡ, 64 ಬಿಟ್ಟೂ ಬೇಡ. ನಿಮ್ಮ ವಿಡಿಯೋ ಎಷ್ಟು ಜನ ನೋಡಿದರು?

ಪಥಿಕ_77:
ಆ ಹುಡುಗಿ ನೋಡಿದಳು. ಸಾಕು.

ಹಾಸನದ_ಮೇಷ್ಟ್ರು:
ನಾನು ಕಂಪ್ಯೂಟರ್ ಮುಟ್ಟಲೇ ಇಲ್ಲ. ಒಂಬತ್ತನೇ ತರಗತಿ ಮಕ್ಕಳ ಜೊತೆ ಫೋನ್ ಕ್ಯಾಮೆರಾದಲ್ಲಿ ಒಂದೊಂದೇ ಫೋಟೋ ತೆಗೆದು ಮಾಡಿದೆ. ಖರ್ಚು 640 ರೂಪಾಯಿ. ಹಳೆ ಛತ್ರಿಯ ಬಟ್ಟೆ, ಸೈಕಲ್ ಕಡ್ಡಿ, ಹೊಲಿಗೆ ಮಿಷನ್ನಿನ ರೀಲು, ನೈಲಾನ್ ದಾರ. ಲೂಸಿಯ ಫಲಕ ಮಡಚುವ ಬೀಸಣಿಕೆಯ ಹಾಗೆ. ಮೋಟರು ದಾರವನ್ನು ಸುತ್ತಿಕೊಳ್ಳುತ್ತದೆ, ದಾರ ಬೀಸಣಿಕೆಯ ಅಂಚನ್ನು ಎಳೆದುಕೊಂಡು ಒಂದು ಸುತ್ತು ಬಂದು ಕೊಂಡಿಗೆ ಸಿಕ್ಕಿಸಬೇಕು. ಅದನ್ನೇ ಮಾಡಿದೆವು.

1,300 ಫೋಟೋ. ಆಷಾಢದ ಮೋಡ ಬಂದು ಬಂದು ಕೋಣೆಯ ಬೆಳಕು ಬದಲಾಗಿ, ಅದರಲ್ಲಿ 400 ಫೋಟೋ ದಂಡ. ಕಿಟಕಿಗೆ ಕಂಬಳಿ ಕಟ್ಟಿ ಟೇಬಲ್ ಲ್ಯಾಂಪ್ ಇಟ್ಟು ಮತ್ತೆ ತೆಗೆದೆವು. ಸೆಕೆ ತಡೆಯಲಾಗಲಿಲ್ಲ, ಫ್ಯಾನ್ ಹಾಕಿದರೆ ಛತ್ರಿ ಬಟ್ಟೆ ಅಲ್ಲಾಡುತ್ತದೆ.

ಎರಡನೇ ಫಲಕ ಬಿಚ್ಚುವಾಗ ದಾರ ಸಡಿಲವಾಯಿತು. ರೀಲು ಮಾತ್ರ ತಿರುಗುತ್ತಲೇ ಇತ್ತು. ದಾರ ರೀಲು ಬಿಟ್ಟು ಅದರ ಕಂಬಿಗೇ ಸುತ್ತಿಕೊಂಡು ಗಂಟು. ಬೀಸಣಿಕೆ ಸ್ವಲ್ಪದರಲ್ಲಿ ನಿಂತುಬಿಟ್ಟಿತು. ಮಕ್ಕಳು ಅಳುವುದೊಂದು ಬಾಕಿ. ಆಮೇಲೆ ಓದಿ ನೋಡಿದರೆ, ಲೂಸಿಯಲ್ಲೂ ಆಗಿದ್ದು ಅದೇ! ಎಳೆಯುವ ದಾರ ಸಡಿಲಾಗಿ ಸಿಕ್ಕಿಕೊಂಡಿದ್ದು. 345 ಡಿಗ್ರಿಯ ಆಸುಪಾಸಿನಲ್ಲಿ ನಿಂತಿತ್ತು. 2022ರ ಮೇ, ಜೂನ್‌ನಲ್ಲಿ ಮುಖ್ಯ ಮೋಟರು, ಬದಲಿ ಮೋಟರು ಎರಡನ್ನೂ ಒಟ್ಟಿಗೆ ಓಡಿಸಿ 353ರಿಂದ 357 ಡಿಗ್ರಿಯ ಮಧ್ಯೆ ಎಲ್ಲೋ ತಂದರು. ಕೊಂಡಿ ಬೀಳಲಿಲ್ಲ. 2023ರ ಜನವರಿಯಲ್ಲಿ ಇನ್ನು ಸಾಕು ಅಂತ ಬಿಟ್ಟರು. ಬಿಗಿಯಾಗಿಯೇ ನಿಂತಿದೆ, ತೊಂದರೆಯಿಲ್ಲ ಅಂತ.

ನಾವು ಆ ಗಂಟನ್ನು ಹಾಗೇ ಉಳಿಸಿದೆವು. ಸ್ಪರ್ಧೆಯ ತೀರ್ಪುಗಾರರೊಬ್ಬರು ಬರೆದದ್ದು: 'ಮಾದರಿ ಸರಿಯಾಗಿ ಕೆಲಸ ಮಾಡುತ್ತಿಲ್ಲ.' ಸಮಾಧಾನಕರ ಬಹುಮಾನ. ಒಂದು ಸ್ಟೀಲ್ ಲೋಟ.

ರೆಂಡರ್_ರಂಗ:
ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಇದು ಡಿಗ್ರಿ ಪ್ರಾಜೆಕ್ಟ್. ಛತ್ರಿ ತೋರಿಸಿದರೆ ಕೆಲಸ ಯಾರು ಕೊಡುತ್ತಾರೆ?

ಹಾಸನದ_ಮೇಷ್ಟ್ರು:
ನಿಮ್ಮ 29,690ಕ್ಕೆ ಯಾರು ಕೆಲಸ ಕೊಟ್ಟರು ಸ್ವಾಮಿ?

ಕೊಲೊರಾಡೋ_ಕನ್ನಡತಿ:
ಜಗಳ ಆಮೇಲೆ. ಲೂಸಿಯನ್ನು ಕಟ್ಟಿದ್ದು ಇಲ್ಲೇ, ನಮ್ಮ ಮನೆ ಕಡೆಯ ಲಿಟಲ್‌ಟನ್‌ನಲ್ಲಿ. ಅದಕ್ಕೇ ಕನ್ನಡ ಕೂಟದ ಮಕ್ಕಳ ಕಾರ್ಯಕ್ರಮಕ್ಕೆ ಅದನ್ನೇ ಇಟ್ಟುಕೊಂಡೆ. ನಾನು ಮಾಡಲಿಲ್ಲ, ಆನ್‌ಲೈನಿನಲ್ಲಿ ಒಬ್ಬರಿಗೆ ಕೊಟ್ಟೆ. 350 ಡಾಲರ್ ಮುಂಗಡ, ಮುಗಿದ ಮೇಲೆ 300. ಬಂದದ್ದು ಏನು? ಕಲ್ಲಿನ ಮಳೆ! ನೌಕೆ ಸಿನಿಮಾ ಹೀರೋ ಬೈಕ್ ಓಡಿಸಿದ ಹಾಗೆ ಬಂಡೆಗಳ ನಡುವೆ ಸೊಂಯ್ ಸೊಂಯ್ ಅಂತ ನುಗ್ಗುತ್ತದೆ. ಸದ್ದು ಬೇರೆ. ಅಲ್ಲಿ ಗಾಳಿಯೇ ಇಲ್ಲ, ಸದ್ದೆಲ್ಲಿಂದ ಬಂತು?

ತಿದ್ದಿ ಅಂದೆ. ಒಂದೊಂದು ತಿದ್ದುಪಡಿಗೂ 40 ಡಾಲರ್. ನಾಲ್ಕು ಸಲ ತಿದ್ದಿಸಿದೆ. ಅಲ್ಲಿಗೆ 160. ಮಂಗಳ, ಗುರುವಿನ ನಡುವಿನ ಕ್ಷುದ್ರಗ್ರಹ ಪಟ್ಟಿ ಎಷ್ಟು ಖಾಲಿ ಅಂದರೆ, ದಾರಿಯಲ್ಲಿ ನೋಡಲು ಇನ್ನೊಂದು ಸಿಗುತ್ತದಾ ಅಂತ 5 ಲಕ್ಷ ಕ್ಷುದ್ರಗ್ರಹಗಳ ಪಥ ತಾಳೆ ಹಾಕಿ ನೋಡಿದಾಗ ಸಿಕ್ಕಿದ್ದು ದಿಂಕಿನೇಶ್ ಒಂದೇ. ಅದೂ 64,000 ಕಿ.ಮೀ. ಆಚೆ ಇತ್ತು. ದಾರಿ ಸ್ವಲ್ಪ ತಿರುಗಿಸಿ 2023ರ ನವೆಂಬರ್ 1ಕ್ಕೆ 430 ಕಿ.ಮೀ. ಹತ್ತಿರ ಹೋದರು. ಹೋಗಿ ನೋಡಿದರೆ ಅದಕ್ಕೊಂದು ಪುಟ್ಟ ಚಂದ್ರ! ಎರಡು ಉಂಡೆ ಅಂಟಿಕೊಂಡದ್ದು. ಇದನ್ನೆಲ್ಲ ಬರೆದು ಕಳಿಸಿದರೆ ಆತನ ಉತ್ತರ: 'ಖಾಲಿ ತೋರಿಸಿದರೆ ಬೋರ್ ಮೇಡಂ.'

ನಾಕುತಂತಿ_ನಾಗು:
ಅಕ್ಕಾ, ಕ್ಷುದ್ರಗ್ರಹ ಅನ್ನಬೇಡಿ ಮಾರಾಯ್ರೆ. ಕ್ಷುದ್ರ ಅಂದರೆ ಮಕ್ಕಳಿಗೆ ಮಾಟ ಮಂತ್ರ ನೆನಪಾಗುತ್ತದೆ. ಕಿರುಗ್ರಹ ಅನ್ನಿ.

ಪಥಿಕ_77:
ಪಠ್ಯಪುಸ್ತಕದಲ್ಲಿ ಕ್ಷುದ್ರಗ್ರಹ ಅಂತ ಓದಿದವರು ನಾವು. ಪರೀಕ್ಷೆಯಲ್ಲಿ ಕಿರುಗ್ರಹ ಅಂತ ಬರೆದರೆ ಅಂಕ ನೀವು ಕೊಡುತ್ತೀರಾ?

ನಾಕುತಂತಿ_ನಾಗು:
ಅಂಕಕ್ಕೆ ಬರೆಯುವವರು ಬರೆಯಲಿ. ನನ್ನ ವಿಡಿಯೋದಲ್ಲಿ ಕಿರುಗ್ರಹವೇ. ಅಂದಹಾಗೆ ನಾನು ರೆಂಡರ್ ಬಾಡಿಗೆಗೆ ಕೊಟ್ಟವನು. 6,400 ರೂಪಾಯಿ ಕಟ್ಟಿದೆ. ಫೈಲ್ ಜೊತೆ ಟೆಕ್ಸ್ಚರ್, ಅಂದರೆ ಮೇಲ್ಮೈಗೆ ಅಂಟಿಸುವ ಚಿತ್ರಗಳನ್ನು, ಪ್ಯಾಕ್ ಮಾಡುವುದು ಮರೆತಿದ್ದೆ. 412 ಫ್ರೇಮ್ ಪೂರ್ತಿ ಗುಲಾಬಿ ಬಣ್ಣ. ನೌಕೆ ಗುಲಾಬಿ, ಭೂಮಿ ಗುಲಾಬಿ. ತಪ್ಪು ನನ್ನದೇ, ದುಡ್ಡು ವಾಪಸ್ ಬರಲಿಲ್ಲ. ಮೊದಲು ಹತ್ತು ಫ್ರೇಮ್ ಕೊಟ್ಟು ನೋಡಬೇಕಿತ್ತು.

ಚುಕ್ಕಿ_ರೇಖೆ:
ಎಲ್ಲರಿಗೂ ಥ್ಯಾಂಕ್ಸ್. ರಂಗಣ್ಣ, ನಾನು ತಮ್ಮ ಅಲ್ಲ, ತಂಗಿ. ನನ್ನ ಲ್ಯಾಪ್‌ಟಾಪಿನಲ್ಲಿ ಕಾರ್ಡೇ ಇಲ್ಲ ಅಂತ ಹೇಳಿದ್ದೆ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಪಥಿಕ_77:
ಬೆಳಕು ಕಡಿಮೆ ಮಾಡುವುದು ಮರೆಯಬೇಡಮ್ಮ. ಗುರುವಿನ ದೂರದಲ್ಲಿ ಬಿಸಿಲು ನಮ್ಮಲ್ಲಿಯ 27ರಲ್ಲಿ ಒಂದು ಪಾಲು. ಇಲ್ಲಿ 18,000 ವ್ಯಾಟ್ ಕೊಡುವ ಫಲಕ ಅಲ್ಲಿ ಕೊಡುವುದು 500 ವ್ಯಾಟಿನಷ್ಟು. ಒಂದು ಮಿಕ್ಸಿ ಓಡುತ್ತದೆ. ಅಷ್ಟು ದೊಡ್ಡ ಬೀಸಣಿಕೆ ಯಾಕೆ ಅನ್ನುವುದಕ್ಕೆ ಉತ್ತರ ಅದೇ.

ಕೊಲೊರಾಡೋ_ಕನ್ನಡತಿ:
ಅವಳು ಕೇಳಿದ್ದು ಲ್ಯಾಪ್‌ಟಾಪ್ ಬಗ್ಗೆ ರೀ.

ಹಾಸನದ_ಮೇಷ್ಟ್ರು:
ಮಗಳೇ, ಗೈಡ್ ಏನೇ ಅನ್ನಲಿ, ಕೊನೆಯ ಆ ಕೆಲವು ಡಿಗ್ರಿ ಬಿಚ್ಚದ ಹಾಗೇ ತೋರಿಸು. ಎರಡೂ ಫಲಕ ಚೆನ್ನಾಗಿ ಬಿಚ್ಚಿಕೊಳ್ಳುವ ಚಿತ್ರ ಉಡಾವಣೆಗೂ ಮುಂಚೆಯೇ ಮಾಡಿ ಇಟ್ಟಿದ್ದರು, ಅದು ಬೇಕಾದಷ್ಟಿದೆ. ಫಲಕ ಬಿಚ್ಚುವುದಷ್ಟನ್ನು ಛತ್ರಿಯಲ್ಲಿ ಮಾಡು, ಉಳಿದದ್ದು ಕಂಪ್ಯೂಟರಿನಲ್ಲಿ. ನಮ್ಮ ಸೈಕಲ್ ಕಡ್ಡಿಗಳು ಇನ್ನೂ ಇವೆ, ಬೇಕಾದರೆ ಬಸ್ಸಿನಲ್ಲಿ ಕಳಿಸುತ್ತೇನೆ.

ರೆಂಡರ್_ರಂಗ:
ತಂಗೀ, ಸಾರಿ. ಕಾರ್ಡ್ ಇಲ್ಲದಿದ್ದರೆ ಬ್ಲೆಂಡರ್ ಸಾಫ್ಟ್‌ವೇರಿನ ನಿಧಾನದ ಸೈಕಲ್ಸ್ ರೆಂಡರ್ ಬಿಡು, ಅದರಲ್ಲೇ ಇರುವ ಬೇಗ ಮುಗಿಸುವ ಈವೀಯಲ್ಲೇ ಮಾಡು. 4,320 ಫ್ರೇಮ್ ಎಲ್ಲಾ ಮಾಡಬೇಕಿಲ್ಲ. ಫೋಟೋ ತೆಗೆಯುವ ಕಡೆ ಸೆಕೆಂಡಿಗೆ 12 ಸಾಕು. ಮೇಷ್ಟ್ರ ಛತ್ರಿ ಐಡಿಯಾ ಪರವಾಗಿಲ್ಲ ಅಂತ ಈಗ ಅನಿಸುತ್ತಿದೆ, ಆದರೆ ಒಪ್ಪಿಕೊಂಡೆ ಅಂತ ಅಲ್ಲ.

ಹಾಸನದ_ಮೇಷ್ಟ್ರು:
ರಂಗ ಅವರೇ, ಆ ಯುಪಿಎಸ್ ಇನ್ನೂ ಇದೆಯಾ? ಶಾಲೆಗೆ ಬೇಕಿತ್ತು. ಎಷ್ಟಕ್ಕೆ ಕೊಡುತ್ತೀರಿ?

ರೆಂಡರ್_ರಂಗ:
4,500. ಬ್ಯಾಟರಿ ಹೋಗಿದೆ.

ಹಾಸನದ_ಮೇಷ್ಟ್ರು:
ಬ್ಯಾಟರಿ ಹೋದ ಮೇಲೆ 4,500 ಯಾತಕ್ಕೆ?