ಫೈರ್‌ವಾಲ್‌ನಲ್ಲಿ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸುವ ವ್ಯವಸ್ಥೆ) ಹೇಗೆ ಹಾಕಿದ್ದೀರಿ? ಅನುಭವ ಇದ್ದವರು ಹೇಳಿ

ಕೇಳಿದವರು (ತುಮಕೂರು, ಕಾಲೇಜ್ ಲ್ಯಾಬ್):
ಎಲ್ಲರಿಗೂ ನಮಸ್ಕಾರ. ಒಂದು ಹಳೇ ಡೆಸ್ಕ್‌ಟಾಪ್‌ಗೆ ಪಿಎಫ್‌ಸೆನ್ಸ್ ಎಂಬ ಸಾಫ್ಟ್‌ವೇರ್ ಹಾಕಿ ಫೈರ್‌ವಾಲ್ ಮಾಡಿಕೊಂಡಿದ್ದೇವೆ. ಎರಡು ತಲೆನೋವು. ಫೈರ್‌ವಾಲ್ ಲಾಗ್, ವಿಂಡೋಸ್ ಸರ್ವರ್, ಸಿಸಿಟಿವಿ ಮೂರೂ ಮೂರು ಟೈಮ್ ತೋರಿಸುತ್ತವೆ. ಇನ್ನೊಂದು, ರಾತ್ರಿ ತುಂಬಾ ಹೊತ್ತು ಕರೆಂಟ್ ಹೋದರೆ ಬೆಳಿಗ್ಗೆ ಇಂಟರ್ನೆಟ್ಟೇ ಇರುವುದಿಲ್ಲ. 8.8.8.8ಕ್ಕೆ ಪಿಂಗ್ ಹೋಗುತ್ತದೆ, ಆದರೆ ಒಂದು ಸೈಟೂ ತೆರೆಯುವುದಿಲ್ಲ. ನೋಡಿದರೆ ಫೈರ್‌ವಾಲ್‌ನ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ಕೈಯಲ್ಲಿ ಸರಿ ಮಾಡಿದರೆ ಎಲ್ಲ ಸರಿ. ಎನ್‌ಟಿಪಿ ಆನ್ ಇದ್ದರೂ ಹೀಗೇಕೆ? ಯಾವ ಸರ್ವರ್ ಹಾಕಬೇಕು?

ಹುಬ್ಬಳ್ಳಿಯಿಂದ, ನೆಟ್‌ವರ್ಕ್ ಕೆಲಸದವರು:
ಸರ್, ಮೊದಲು ಮದರ್‌ಬೋರ್ಡ್‌ನ ಸಿಆರ್2032 ಸೆಲ್ (ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಇದೇ) ಬದಲಾಯಿಸಿ. ಹಳೇ ಡೆಸ್ಕ್‌ಟಾಪ್ ಅಂದಿರಲ್ಲ, ಅದು ಸತ್ತಿರುತ್ತದೆ.

ಆದರೆ ಸೆಲ್ ಹಾಕಿ ಮರೆತುಬಿಡಬೇಡಿ. ಒಳಗೆ ನಡೆಯುವುದು ಇದು: ಪಿಎಫ್‌ಸೆನ್ಸ್‌ನ ಡಿಎನ್‌ಎಸ್ ರಿಸಾಲ್ವರ್‌ನಲ್ಲಿ (ಸೈಟ್ ಹೆಸರಿನಿಂದ ಐಪಿ ವಿಳಾಸ ಹುಡುಕುವ ಭಾಗ) ಡಿಎನ್‌ಎಸ್‌ಸೆಕ್ (ಆ ಉತ್ತರ ಅಸಲಿಯೇ ಎಂದು ಡಿಜಿಟಲ್ ಸಹಿಯಿಂದ ನೋಡುವ ವ್ಯವಸ್ಥೆ) ಆನ್ ಇರುತ್ತದೆ. ಡಿಎನ್‌ಎಸ್‌ಸೆಕ್ ಸಹಿಗಳಿಗೆ ಶುರುವಾಗುವ ತಾರೀಖು, ಮುಗಿಯುವ ತಾರೀಖು ಎರಡೂ ಇವೆ. ಗಡಿಯಾರ ಹಳೇ ವರ್ಷದಲ್ಲಿ ನಿಂತಿದ್ದರೆ ಎಲ್ಲ ಸಹಿಯೂ ಸುಳ್ಳಾಗಿ ಕಾಣುತ್ತದೆ, ಹೆಸರು ಐಪಿ ಆಗುವುದಿಲ್ಲ. ಎನ್‌ಟಿಪಿ ಸರ್ವರನ್ನೂ ಹೆಸರಿನಲ್ಲೇ ಕೊಟ್ಟಿದ್ದೀರಿ, ಅಲ್ವಾ? ಹೆಸರು ಸಿಗದೆ ಟೈಮ್ ಬರುವುದಿಲ್ಲ, ಟೈಮ್ ಬರದೆ ಹೆಸರು ಸಿಗುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂತಾರಲ್ಲ, ಅದೇ ಕಥೆ. ಪಿಂಗ್ ಹೋಗಿ ಸೈಟ್ ತೆರೆಯದಿರುವುದಕ್ಕೂ ಇದೇ ಕಾರಣ, 8.8.8.8 ನೇರ ಐಪಿ, ಅದಕ್ಕೆ ಹೆಸರು ಹುಡುಕಬೇಕಿಲ್ಲ.

ಬಿಡಿಸಲು ಎರಡು ದಾರಿ. ಒಂದು ಟೈಮ್ ಸರ್ವರನ್ನಾದರೂ ಹೆಸರಿನ ಬದಲು ಐಪಿ ವಿಳಾಸದಲ್ಲೇ ಕೊಡಿ. ಐಪಿ ಮುಂದೆ ಬದಲಾಗಬಹುದು, ಆಗಾಗ ನೋಡಿಕೊಳ್ಳಬೇಕು. ಇಲ್ಲವೇ ರಿಸಾಲ್ವರ್‌ನ ಕಸ್ಟಮ್ ಆಪ್ಷನ್ಸ್‌ನಲ್ಲಿ ಆ ಒಂದು ಡೊಮೇನ್‌ಗೆ ಮಾತ್ರ ಡಿಎನ್‌ಎಸ್‌ಸೆಕ್ ಪರಿಶೀಲನೆ ಬೇಡ ಎಂದು ಬರೆಯಿರಿ. ಇಡೀ ಡಿಎನ್‌ಎಸ್‌ಸೆಕ್ ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಇನ್ನೊಂದು ವಿಷಯ. ಓಡುತ್ತಿರುವ ಎನ್‌ಟಿಪಿಡಿಗೆ (ಎನ್‌ಟಿಪಿ ಕೆಲಸ ಮಾಡುವ ಪ್ರೋಗ್ರಾಂ) 1000 ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಅದು ತಿದ್ದಲು ಹೋಗುವುದೇ ಇಲ್ಲ, ಕೈಚೆಲ್ಲಿ ನಿಂತುಬಿಡುತ್ತದೆ. ದೊಡ್ಡ ವ್ಯತ್ಯಾಸವನ್ನು ಶುರುವಿನಲ್ಲಿ ಒಂದು ಸಲ ಮಾತ್ರ, ಅದಕ್ಕೆ ಬೇಕಾದ ಆಯ್ಕೆ ಕೊಟ್ಟಿದ್ದರೆ, ಒಪ್ಪಿಕೊಳ್ಳುತ್ತದೆ. ಹಾಗಾಗಿ ಸೆಟ್ಟಿಂಗ್ ಬದಲಿಸಿದ ಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ.

ಬೆಂಗಳೂರಿನಿಂದ, ಆಡಿಟ್ ಎದುರಿಸುವ ಕಂಪನಿಯವರು:
ಯಾವ ಸರ್ವರ್ ಎಂಬುದಕ್ಕೆ ನನ್ನ ಉತ್ತರ. ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಟೈಮ್ ಎಲ್ಲಿಂದ ತಗೊಳ್ಳಬೇಕು ಎಂದು ಇದೆ: ಎನ್‌ಐಸಿ (ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಅಥವಾ ದೆಹಲಿಯ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಎನ್‌ಟಿಪಿ ಸರ್ವರ್, ಇಲ್ಲವೇ ಇವಕ್ಕೆ ತಾಳೆಯಾಗುವ ಸರ್ವರ್. ಲಾಗ್ 180 ದಿನ ಇಡಬೇಕು, ಸೈಬರ್ ದಾಳಿಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ಹೇಳಿದ್ದೂ ಅದೇ ನಿರ್ದೇಶನ. ಟೈಮೇ ತಪ್ಪಿದ್ದರೆ 180 ದಿನದ ಲಾಗ್ ಇಟ್ಟು ಏನು ಮಾಡುವುದು?

ನಮ್ಮಲ್ಲಿ ಸಮಯ್1.ಎನ್‌ಐಸಿ.ಇನ್, ಸಮಯ್2.ಎನ್‌ಐಸಿ.ಇನ್, ಟೈಮ್.ಎನ್‌ಪಿಎಲ್ಇಂಡಿಯಾ.ಆರ್ಗ್ ಮೂರೂ ಇವೆ, ಜೊತೆಗೆ ಎನ್‌ಟಿಪಿ ಪೂಲ್ ಎಂಬ ಸರ್ವರ್ ಗುಂಪಿನ ಇಂಡಿಯಾ ಪಾಲಿನ ಒಂದು. ಎರಡೇ ಎರಡು ಮಾತ್ರ ಹಾಕಬೇಡಿ. ಅವು ಬೇರೆ ಬೇರೆ ಟೈಮ್ ಹೇಳಿದರೆ ಯಾವುದು ಸರಿ ಎಂದು ಫೈರ್‌ವಾಲ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಗೂಗಲ್‌ನ ಟೈಮ್ ಸರ್ವರನ್ನು ಇವುಗಳ ಜೊತೆ ಬೆರೆಸಬೇಡಿ. ಲೀಪ್ ಸೆಕೆಂಡ್ (ಭೂಮಿಯ ತಿರುಗುವಿಕೆಗೆ ಹೊಂದಿಸಲು ಸೇರಿಸುವ ಒಂದು ಸೆಕೆಂಡ್) ಬಂದಾಗ ಗೂಗಲ್ ಅದನ್ನು ದಿನವಿಡೀ ಸ್ವಲ್ಪಸ್ವಲ್ಪವಾಗಿ ಹರಡುತ್ತದೆ, ಉಳಿದವರು ಹಾಗೆ ಮಾಡುವುದಿಲ್ಲ. 2016ರ ಕೊನೆಯ ನಂತರ ಲೀಪ್ ಸೆಕೆಂಡ್ ಬಂದಿಲ್ಲ, ಆದರೂ ಸುಮ್ನೆ ಯಾಕೆ.

ಪಾಲೋ ಆಲ್ಟೋ ಕಂಪನಿಯ ಫೈರ್‌ವಾಲ್ ಇರುವವರಿಗೆ ಒಂದು ಮಾತು: ಅದರ ಎನ್‌ಟಿಪಿ ಮ್ಯಾನೇಜ್‌ಮೆಂಟ್ ಪೋರ್ಟಿನಿಂದ ಹೊರಡುತ್ತದೆ. ಆ ಪೋರ್ಟಿಗೆ ಹೊರಗೆ ದಾರಿ ಇಲ್ಲದಿದ್ದರೆ ಸರ್ವಿಸ್ ರೂಟ್ (ಯಾವ ಪೋರ್ಟಿನಿಂದ ಹೊರಡಬೇಕೆಂಬ ಸೆಟ್ಟಿಂಗ್) ಬದಲಿಸಬೇಕು.

ಮೈಸೂರಿನಿಂದ, ಸಿಸ್ಟಮ್ ಅಡ್ಮಿನ್:
ವಿಂಡೋಸ್ ಸರ್ವರ್ ಡೊಮೇನ್ ಕಂಟ್ರೋಲರಾ (ಪಿಸಿಗಳ ಲಾಗಿನ್ ನೋಡಿಕೊಳ್ಳುವ ಸರ್ವರಾ)? ಹಾಗಾದರೆ ಪಿಡಿಸಿ ಎಮ್ಯುಲೇಟರ್ ರೋಲ್ (ಡೊಮೇನ್‌ಗೆ ಟೈಮ್ ಕೊಡುವ ಮುಖ್ಯ ಹೊಣೆ) ಇರುವ ಸರ್ವರ್ ಒಂದೇ ಫೈರ್‌ವಾಲ್‌ನಿಂದ ಟೈಮ್ ತಗೊಳ್ಳಲಿ. ಡೊಮೇನ್‌ನ ಉಳಿದ ಪಿಸಿಗಳು ತಾವಾಗಿಯೇ ಅದನ್ನು ಹಿಂಬಾಲಿಸುತ್ತವೆ. ಡಿಎಚ್‌ಸಿಪಿಯಲ್ಲಿ (ಪಿಸಿಗಳಿಗೆ ಐಪಿ ಹಂಚುವ ವ್ಯವಸ್ಥೆ) ಎನ್‌ಟಿಪಿ ಆಪ್ಷನ್ ಕೊಟ್ಟರೆ ಸಾಕು ಎಂದುಕೊಳ್ಳಬೇಡಿ, ವಿಂಡೋಸ್ ಅದನ್ನು ನೋಡುವುದೇ ಇಲ್ಲ. ಸರ್ವರ್ ವರ್ಚುವಲ್ ಮಶೀನ್ ಆಗಿದ್ದರೆ ಹೋಸ್ಟ್ (ಅದನ್ನು ಓಡಿಸುವ ಕಂಪ್ಯೂಟರ್) ಜೊತೆಗಿನ ಟೈಮ್ ಸಿಂಕ್ ಆಫ್ ಮಾಡಿ. ಇಲ್ಲದಿದ್ದರೆ ಇಬ್ಬರು ಯಜಮಾನರಾಗುತ್ತಾರೆ. ವ್ಯತ್ಯಾಸ 5 ನಿಮಿಷ ದಾಟಿದರೆ ಕರ್ಬರೋಸ್ (ಡೊಮೇನ್ ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ಲಾಗಿನ್‌ಗೆ ಬಿಡುವುದಿಲ್ಲ.

ಮಂಗಳೂರಿನಿಂದ, ಕ್ಯಾಮೆರಾ ಹಾಕುವವರು:
ನಮ್ಮ ಕ್ಯಾಮೆರಾಗಳ ಹಣೆಬರಹ ಬೇರೆ. ಕೆಲವದರಲ್ಲಿ ಸರ್ವರ್ ಬದಲಿಸಿದರೂ ಅವು ತಮ್ಮ ತಯಾರಕರ ವಿಳಾಸಕ್ಕೇ ಹೋಗುತ್ತವೆ. ಅಂಥವಕ್ಕೆ ಲ್ಯಾನ್ (ಒಳಗಿನ ನೆಟ್‌ವರ್ಕ್) ಇಂಟರ್‌ಫೇಸ್‌ನಲ್ಲಿ ಒಂದು ನ್ಯಾಟ್ ರೂಲ್ (ಪ್ಯಾಕೆಟ್‌ನ ವಿಳಾಸ ಬದಲಿಸುವ ನಿಯಮ) ಹಾಕುತ್ತೇನೆ: ಎನ್‌ಟಿಪಿಯ ಪೋರ್ಟ್ ಆದ ಯುಡಿಪಿ 123ಕ್ಕೆ ಹೊರಡುವ ಪ್ಯಾಕೆಟ್ ಎಲ್ಲಿಗೇ ಹೊರಟಿರಲಿ, ಫೈರ್‌ವಾಲ್‌ನ ಲ್ಯಾನ್ ವಿಳಾಸಕ್ಕೆ ತಿರುಗಲಿ. ಹೊರಗಿನ ಸರ್ವರೇ ಉತ್ತರ ಕೊಟ್ಟಿತು ಎಂದು ಕ್ಯಾಮೆರಾ ತಿಳಿದುಕೊಳ್ಳುತ್ತದೆ. ಕ್ಯಾಮೆರಾಗಳಿಗೆ ಇಂಟರ್ನೆಟ್ ಪೂರ್ತಿ ಬಂದ್ ಮಾಡಿದ್ದರೂ ಟೈಮ್ ಸಿಗುತ್ತದೆ, ನನಗೆ ಅದೇ ಮುಖ್ಯ.

ಹುಬ್ಬಳ್ಳಿಯವರು ಮತ್ತೆ:
ಇದು ಒಳ್ಳೇ ಉಪಾಯ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಪಿಎಫ್‌ಸೆನ್ಸ್‌ನ ಎನ್‌ಟಿಪಿ ಪುಟದಲ್ಲಿ ಯಾವ ಇಂಟರ್‌ಫೇಸೂ ಆರಿಸದಿದ್ದರೆ ಎಲ್ಲದರ ಮೇಲೂ ಕಿವಿ ತೆರೆದಿರುತ್ತದೆ. ಲ್ಯಾನ್ ಮಾತ್ರ ಆರಿಸಿ. ವ್ಯಾನ್ (ಇಂಟರ್ನೆಟ್) ಕಡೆಯಿಂದ 123 ತೆರೆಯುವ ರೂಲ್ ಬೇಡವೇ ಬೇಡ, ಟೈಮ್ ಕೇಳಲು ನಾವು ಹೊರಗೆ ಹೋದರೆ ಉತ್ತರ ತಾನಾಗಿಯೇ ಒಳಗೆ ಬರುತ್ತದೆ. 2013ರ ಕೊನೆಯಲ್ಲಿ, 2014ರ ಶುರುವಿನಲ್ಲಿ ಮಾನ್‌ಲಿಸ್ಟ್ ಎಂಬ ಆದೇಶ ಬಳಸಿ ತೆರೆದ ಎನ್‌ಟಿಪಿ ಸರ್ವರ್‌ಗಳಿಂದಲೇ ಬೇರೆಯವರ ಮೇಲೆ ಭಾರೀ ಡಿಡಾಸ್ (ಡೇಟಾ ಸುರಿದು ಸೇವೆ ನಿಲ್ಲಿಸುವ) ದಾಳಿ ಮಾಡಿದ್ದರು. ಚಿಕ್ಕ ಪ್ರಶ್ನೆ ಕಳಿಸಿದರೆ ದೊಡ್ಡ ಉತ್ತರ ಬರುತ್ತಿತ್ತು, ಕೇಳಿದವರ ವಿಳಾಸ ಎಂದು ದಾಳಿಗೆ ಗುರಿಯಾದವರ ವಿಳಾಸವನ್ನೇ ನಕಲಿಯಾಗಿ ಹಾಕಿ ಆ ಉತ್ತರವನ್ನು ಅವರ ಮೇಲೆ ತಿರುಗಿಸುತ್ತಿದ್ದರು.

ಕೇಳಿದವರು:
ತುಂಬಾ ಉಪಕಾರ ಆಯ್ತು. ಸೆಲ್ ಹಾಕಿದೆ, ಒಂದು ಸರ್ವರ್ ಐಪಿಯಲ್ಲಿ ಕೊಟ್ಟೆ, ಬೇಕಂತಲೇ ತಾರೀಖು ಹಿಂದಕ್ಕೆ ಹಾಕಿ ರೀಬೂಟ್ ಮಾಡಿದೆ, ತಾನೇ ಸರಿಯಾಯಿತು. ಸ್ಟೇಟಸ್ ಪುಟದಲ್ಲಿ ಒಂದರ ಮುಂದೆ ಆಕ್ಟಿವ್ ಪೀರ್ ಎಂದಿದೆ, ರೀಚ್ 377 ಎಂದಿದೆ. ಇದು ಸರಿಯಾ? ಮತ್ತೆ ಡಿವಿಆರ್ (ಸಿಸಿಟಿವಿ ರೆಕಾರ್ಡರ್) ಈಗ ಕರೆಕ್ಟಾಗಿ ಐದೂವರೆ ಗಂಟೆ ಹಿಂದಿದೆ!

ಮಂಗಳೂರಿನವರು:
ಆಕ್ಟಿವ್ ಪೀರ್ ಅಂದರೆ ಈಗ ಟೈಮ್ ತಗೊಳ್ಳುತ್ತಿರುವ ಸರ್ವರ್. 377 ಅಂದರೆ ಕಳೆದ ಎಂಟು ಸಲ ಕೇಳಿದ್ದಕ್ಕೂ ಉತ್ತರ ಬಂದಿದೆ, ಚೆನ್ನಾಗಿದೆ. ಎನ್‌ಟಿಪಿ ಕೊಡುವುದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಮಾತ್ರ, ಐದೂವರೆ ಗಂಟೆ ಸೇರಿಸುವುದು ಆಯಾ ಯಂತ್ರದ ಕೆಲಸ. ಡಿವಿಆರ್‌ನಲ್ಲಿ ಟೈಮ್‌ಝೋನ್ +05:30 ಮಾಡಿ, ಡೇಲೈಟ್ ಸೇವಿಂಗ್ ಆಫ್ ಇದೆಯಾ ನೋಡಿ. ಪಿಎಫ್‌ಸೆನ್ಸ್‌ನಲ್ಲಿ ಏಷ್ಯಾ/ಕೋಲ್ಕತ್ತಾ ಆರಿಸಿ. ಇಟಿಸಿ/ಜಿಎಂಟಿ ಎಂದು ಶುರುವಾಗುವವನ್ನು ಮುಟ್ಟಬೇಡಿ, ಅಲ್ಲಿ ಪ್ಲಸ್ ಮೈನಸ್ ಉಲ್ಟಾ.

ಹಳೇ ರೆಕಾರ್ಡಿಂಗ್ ಮೇಲಿನ ಟೈಮ್ ಮಾತ್ರ ಬದಲಾಗುವುದಿಲ್ಲ. ಇಲ್ಲಿಯವರೆಗೆ ಡಿವಿಆರ್ ಎಷ್ಟು ನಿಮಿಷ ಹಿಂದೆ ಅಥವಾ ಮುಂದೆ ಇತ್ತು, ಯಾವ ದಿನ ಸರಿ ಮಾಡಿದಿರಿ, ಒಂದು ರಿಜಿಸ್ಟರಿನಲ್ಲಿ ಬರೆದಿಡಿ. ನಾಳೆ ಪೊಲೀಸರು ಹಳೇ ಫುಟೇಜ್ ಕೇಳಿದರೆ ಬೇಕಾಗುತ್ತದೆ.