ಕಾಪು ದೀಪಸ್ತಂಭದ ಕಪ್ಪು-ಬಿಳುಪು ಚಿತ್ರ: ರೀಲೋ, ಡಿಜಿಟಲ್ಲೋ?

ಪ್ರಶ್ನೆ (ಬೆಳಗಾವಿ): ಡಿಸೆಂಬರಿನಲ್ಲಿ ಉಡುಪಿ ಬಳಿಯ ಕಾಪುವಿಗೆ ಹೋಗುವವನಿದ್ದೇನೆ. ಬಂಡೆಯ ಮೇಲಿರುವ 1901ರ ದೀಪಸ್ತಂಭವನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುವ ಆಸೆಯಿದೆ. ತಂದೆಯವರ ರೀಲ್ ಕ್ಯಾಮೆರಾ ಒಯ್ಯಲೋ, ಡಿಜಿಟಲ್ ಸಾಕೋ?

ವಿಜಯಪುರ: ನಾನು ಎಚ್‌ಪಿ5 ಎಂಬ ಕಪ್ಪು-ಬಿಳುಪು ಫಿಲ್ಮಿನ ರೋಲು ಮೂರು ಒಯ್ದಿದ್ದೆ, 900ರಂತೆ 2,700 ರೂಪಾಯಿ, ಬಸ್ಸು, ವಸತಿ ಬೇರೆ. ತೆಗೆಯುವುದರಲ್ಲಿ ತಪ್ಪಲಿಲ್ಲ, ತೊಳೆಯುವುದರಲ್ಲಿ ಕೆಟ್ಟಿತು. ಫಿಲ್ಮು ತೊಳೆಯುವ ರಾಸಾಯನಿಕ ಡಿ-76ಕ್ಕೆ ಸಮ ನೀರು ಬೆರೆಸಿದರೆ 20 ಡಿಗ್ರಿಯಲ್ಲಿ 11 ನಿಮಿಷ ಎಂಬ ಲೆಕ್ಕವನ್ನು ಏಪ್ರಿಲ್ ತಿಂಗಳ ನಮ್ಮ ಮಾಳಿಗೆ ಟಾಕಿಯ ನೀರಿಗೂ ಹಾಗೆಯೇ ಹಚ್ಚಿದೆ. ಆ ನೀರು 32 ಡಿಗ್ರಿ ಇತ್ತೆಂದು ತಿಳಿದದ್ದು ಆಮೇಲೆ. ಬಿಸಿಗೆ ರಾಸಾಯನಿಕದ ಕೆಲಸ ಮಿತಿಮೀರಿತ್ತು. ಬಿಳಿ ಕಪ್ಪಾಗಿ ಬೀಳುವ ನೆಗೆಟಿವ್‌ನಲ್ಲಿ ಸ್ತಂಭದ ಬಿಳಿ ಪಟ್ಟಿಗಳೂ ಆಕಾಶವೂ ಸೇರಿ ಒಂದೇ ಮಸಿಯಾಗಿದ್ದವು. ಪ್ರಿಂಟ್ ಹಾಕಿದರೆ ಕರಿ ಪಟ್ಟಿಗಳಷ್ಟೇ ಗಾಳಿಯಲ್ಲಿ ಒಂದರ ಮೇಲೊಂದು ನಿಂತಿದ್ದವು. ಎರಡನೆಯ ರೋಲಿಗೆ ಐಸ್ ಇಟ್ಟು 20ಕ್ಕೆ ಇಳಿಸಿದೆ, ಆದರೆ ಬೋರಿನ ಗಡಸು ನೀರು ಒಣಗಿ ಸಮುದ್ರದ ತುಂಬ ಸುಣ್ಣದ ಚುಕ್ಕೆ ಬಿತ್ತು. ಮೂರನೆಯದನ್ನು ಕೊನೆಗೊಮ್ಮೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿದ್ದರಿಂದ ಉಳಿಯಿತು. ನಾಲ್ಕು ಚಿತ್ರ ಗೋಡೆಯ ಮೇಲಿವೆ. ರೀಲೇ ಒಯ್ಯಿರಿ.

ಬಾಗಲಕೋಟೆ: ರೋಲಿಗೆ 36ರಂತೆ 108ರಲ್ಲಿ ನಾಲ್ಕು ಚಿತ್ರ ಉಳಿಸಿಕೊಂಡವರು ಇನ್ನೊಬ್ಬರಿಗೆ ಬುದ್ಧಿ ಹೇಳುವುದು ಧೈರ್ಯವೇ ಸರಿ. ನಾನು ಡಿಜಿಟಲ್‌ನಲ್ಲಿ ತೆಗೆದು, ಮನೆಯಲ್ಲಿ ಕುಳಿತು ನೀಲಿಯನ್ನು ಇಳಿಸಿ ಆಕಾಶವನ್ನು ಬೇಕಾದಷ್ಟು ಕಪ್ಪಾಗಿಸಿದೆ. ಬಿಳಿ ಪಟ್ಟಿ ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಒಂದು ಸ್ಟಾಪ್ (ಬೆಳಕು ಅರ್ಧದಷ್ಟು) ಕಡಿಮೆ ಇಟ್ಟಿದ್ದೆ. ನನಗಾದ ನಷ್ಟ ಲೆನ್ಸಿನದು: ಅಲೆಯ ಸಿಡಿತ ಬಿದ್ದಾಗ ಅಂಗಿಯ ತುದಿಯಿಂದ ಒರೆಸಿದೆ, ಒಣಗಿದ ಉಪ್ಪು ಗಾಜಿನ ಲೇಪವನ್ನೇ ಗೀರಿತು. ಹೊಸ ಲೆನ್ಸಿಗೆ 14,000 ರೂಪಾಯಿ ತೆತ್ತೆ.

ಬೆಳಗಾವಿ, ಇನ್ನೊಬ್ಬರು: ನಾನು ಜುಲೈಯಲ್ಲಿ ಕೆಂಪು ಫಿಲ್ಟರ್ ಕೊಂಡು ಹೋಗಿ ಮೂರ್ಖನಾದೆ. ಅದು ಕಪ್ಪಾಗಿಸುವುದು ನೀಲಿಯನ್ನು. ಮೋಡ ಕವಿದ ಬೆಳ್ಳಗಿನ ಆಕಾಶ ಬೆಳ್ಳಗೆಯೇ ಉಳಿಯುತ್ತದೆ. ಮೂರು ಸ್ಟಾಪ್ ಬೆಳಕು ಹೋದದ್ದು ಮಾತ್ರ ಲಾಭ. ಮೂರು ದಿನ ಒಂದು ತುಣುಕು ನೀಲಿಗಾಗಿ ಕಾದೆ. ಅಂದಹಾಗೆ, ವಿಜಯಪುರದವರು ತಮ್ಮ ತಪ್ಪನ್ನು ನೀರಿನ ಮೇಲೆ ಹಾಕುತ್ತಿದ್ದಾರೆ. ನಮ್ಮಲ್ಲಿ ನಲ್ಲಿ ನೀರಿನಲ್ಲೇ ತೊಳೆಯುತ್ತೇವೆ.

ವಿಜಯಪುರ: ಮಳೆ ಊರಿನವರಿಗೆ ನಮ್ಮ ಬೋರಿನ ನೀರಿನ ರುಚಿ ಗೊತ್ತಿಲ್ಲ. ಒಂದು ಕೊಡ ಕಳಿಸಿಕೊಡುತ್ತೇನೆ, ತೊಳೆದು ತೋರಿಸಿ. ಬಾಗಲಕೋಟೆಯವರು ಲೆನ್ಸಿಗೆ ತೆತ್ತ 14,000ದಲ್ಲಿ ನನಗೆ ಹದಿನೈದು ರೋಲು ಬರುತ್ತಿದ್ದವು.

ಬಾಗಲಕೋಟೆ: ಬರುತ್ತಿದ್ದವು, ಹದಿನೈದೂ 32 ಡಿಗ್ರಿಯಲ್ಲಿ ಬೇಯುತ್ತಿದ್ದವು.